ಗೋಡೆ ಅಲುಗುವುದಿಲ್ಲ

ಫೆಬ್ರವರಿ 3, ಸೋಮವಾರ

ಮಧ್ಯಾಹ್ನ ಸ್ಟುಡಿಯೋಗೆ ಒಬ್ಬ ಹುಡುಗಿ ಬಂದಳು. ಹೆಸರು ಭೂಮಿಕಾ. ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯವಳು. ಅವಳ ಅಜ್ಜಿ ದುರ್ಗಮ್ಮ ಮದುವೆ ಮನೆಗಳಲ್ಲಿ ಹಸೆ ಬರೆಯುವವರು. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಬಿಳಿ ಎಳೆಗಳ ಚಿತ್ತಾರ. ಅಜ್ಜಿಯ ಕೈಯನ್ನು ವಿಡಿಯೋ ಮಾಡಿ, ಪಾಠಗಳಾಗಿ ಕತ್ತರಿಸಿ, ಫೋನಿನ ಗುಂಪಿನಲ್ಲಿ ಹಾಕಿ ಹೆಂಗಸರಿಗೆ ಕಲಿಸಬೇಕೆಂದು ಅವಳ ಯೋಜನೆ.

"ಸರ್, ಹೆಗ್ಗರಣೆ ಕಡೆಯವ್ರಿಗೆ ಗುಡ್ಡ ಹತ್ತಿದ್ರೆ ಮಾತ್ರ ನೆಟ್‌ವರ್ಕ್. ದೊಡ್ಡ ವಿಡಿಯೋ ಅರ್ಧಕ್ಕೇ ನಿಲ್ತದೆ. ನಾನೇ ಸಣ್ಣ ಮಾಡಿ ಕಳ್ಸಿದ್ರೆ ಎಳೆ ಎಲ್ಲ ಕಲಸಿ ಹೋಗ್ತದೆ. ಎರಡೂ ಆಗ್ಬಾರ್ದು."

"ಎರಡೂ ಆಗಬಾರದು ಅಂದರೆ ದೇವರ ಹತ್ತಿರ ಹೋಗಬೇಕು" ಎಂದೆ, ತಮಾಷೆಗೆ. ಅವಳು ಗಾಬರಿಯಾಗಿ ಎದ್ದೇಬಿಟ್ಟಳು. ನಾನು ತಮಾಷೆ ಮಾಡಿದ್ದು ಈಚೆಗೆ ಯಾರಿಗೂ ತಿಳಿಯುವುದಿಲ್ಲ.

ಒಪ್ಪಿಕೊಂಡೆ. ಒಪ್ಪದೆ ಗತಿಯಿರಲಿಲ್ಲ. ಸೋಂದಾದ ಮದುವೆಯವರು ವಿಡಿಯೋ ವಾಪಸು ತಂದಿಟ್ಟು, "ಹೆಗಡೇರೇ, ಮದುವೆ ದೋಣಿ ಮೇಲೆ ಆದಾಂಗೆ ಕಾಣ್ತು" ಅಂದ ಮೇಲೆ ಈ ಸೀಸನ್ನಿಗೆ ಒಂದು ಮದುವೆಯೂ ಬಂದಿಲ್ಲ. ಶಿರಸಿಯಲ್ಲಿ ನನಗಿದ್ದ ಹೆಸರು ಒಂದೇ: ರಘುಪತಿ ಹೆಗಡೆಗೆ ಸ್ಟ್ಯಾಂಡು ಬೇಡ, ಕೈಯೇ ಸ್ಟ್ಯಾಂಡು. ಪಕ್ಕದ ಮೊಬೈಲ್ ಅಂಗಡಿಯವನು ನನ್ನ ಬಾಗಿಲನ್ನು ನೋಡುವ ರೀತಿ ಬದಲಾಗಿದೆ, ಅಳತೆ ತೆಗೆಯುವವನಂತೆ. ಈ ಕೆಲಸ ಸರಿಯಾಗಿ ಬಂದರೆ ಸ್ಟುಡಿಯೋ ಇಟ್ಟುಕೊಳ್ಳುತ್ತೇನೆ. ಬರದಿದ್ದರೆ ಕೀಲಿಕೈ ಅವನಿಗೆ. ಹೀಗೆ ತೀರ್ಮಾನಿಸಿದ್ದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಂಜೆಯವರೆಗೆ ಅಂಗಡಿಯ ಒಳಗೂ ಹೊರಗೂ ಓಡಾಡಿದೆ.

ಫೆಬ್ರವರಿ 6, ಗುರುವಾರ

ಕೋಲಸಿರ್ಸಿ. ದುರ್ಗಮ್ಮ ಎತ್ತರದ ಹೆಂಗಸು. ಬಾಯಿತುಂಬ ಎಲೆಯಡಿಕೆಯ ಕವಳ. ನಾನು ಸ್ಟ್ಯಾಂಡಿನ ಕಾಲು ಬಿಡಿಸುತ್ತಿದ್ದಂತೆ ಕವಳ ಉಗಿದು ಬಂದರು.

"ಅದೆಂತದ್ರಾ, ಮೂರು ಕಾಲಿನ ಕೊಕ್ಕರೆ?"

"ಕ್ಯಾಮೆರಾ ನಿಲ್ಲಿಸೋದು."

"ಹೊರಗೆ ನಿಲ್ಸಿ. ಹಸೆ ಮುಂದೆ ಕಬ್ಬಿಣದ ಕಾಲು ಊರೂದಿಲ್ಲ. ಸಾರ್ಸಿದ ನೆಲ ಕಾಣ್ತದ? ಮದುಮಕ್ಳು ಕೂರೋ ಜಾಗ."

ಭೂಮಿಕಾ ನಡುವೆ ಬಂದಳು. "ಅಜ್ಜಿ, ಇದು ಕಲ್ಸೂಕೆ ಬರ್ಯೋ ಗೋಡೆ. ಇಲ್ಲಿ ಯಾರ ಮದುವೆನೂ ಇಲ್ಲ."

"ಬರದ ಮೇಲೆ ಹಸೆ ಹಸೆನೇ. ಕಲ್ಯೂಕೆ ಹೇಳಿ ಒಂದು ಮದುವೆ ಆಗ್ತೀಯೇನೆ ನೀನು?"

ಬೇರೆಯವರ ಮನೆಗಳಲ್ಲಿ ಹೀಗೆಲ್ಲ ಕಟ್ಟುಪಾಡಿಲ್ಲವಂತೆ. ಇದು ಈಕೆಯ ತಾಯಿ ಮಾಡಿದ ಕಾನೂನು. ಆಗ ಕ್ಯಾಮೆರಾ ಇರಲಿಲ್ಲ, ಯಾರೋ ದೊಡ್ಡ ಮನುಷ್ಯರು ಕಬ್ಬಿಣದ ಕುರ್ಚಿ ಹಾಕಿಸಿಕೊಂಡು ಹಸೆಯ ಮುಂದೆ ಕೂತು ನೆಲಕ್ಕೆ ಗುಳಿ ಬೀಳಿಸಿದ್ದರಂತೆ. ಕೊಕ್ಕರೆಯನ್ನು ಜಗಲಿಯಲ್ಲಿ ಮಲಗಿಸಿದೆ. ನನಗೂ ಅದು ಬೇಕಿರಲಿಲ್ಲ.

ಪುಂಡಿನಾರಿನ ಕುಂಚ. ಅದನ್ನು ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಉಸಿರು ಬಿಡದೆ ಒಂದೇ ಎಳೆತ. ಕೂದಲಿನಷ್ಟು ತೆಳು. ಒಂದು ಎಳೆಯ ಪಕ್ಕ ಇನ್ನೊಂದು, ನಡುವೆ ಇರುವೆ ಹೋಗುವಷ್ಟು ಜಾಗ. ನಾನು ಅವರ ಮೊಣಕೈಯ ಬಳಿ ಕೂತು ಹತ್ತಿರದಿಂದ ತೆಗೆದೆ. ಬೆಳಕು ಚೆನ್ನಾಗಿತ್ತು. ಗೋಡೆ ಚೆನ್ನಾಗಿತ್ತು.

ಫೆಬ್ರವರಿ 7, ಶುಕ್ರವಾರ

ಅರ್ಥವಾಗದ ಸಂಗತಿ.

ವಿಡಿಯೋ ಚಿಕ್ಕದು ಮಾಡುವ ಯಂತ್ರದ ಗುಟ್ಟು ಸರಳವಾದದ್ದು. ಅದು ಮೊದಲ ಚಿತ್ರವನ್ನು ಪೂರ್ತಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಬದಲಾಗದ್ದಕ್ಕೆ 'ಮೊದಲಿನಂತೆಯೇ' ಎಂದು ಒಂದು ಗುರುತು. ಹಾಗಾಗಿ ಮೆರವಣಿಗೆಯ ಫೈಲು ದೊಡ್ಡದು, ಭಾಷಣದ ಫೈಲು ಚಿಕ್ಕದು. ನಾನು ಯಾವಾಗಲೂ ಗುಣಮಟ್ಟವನ್ನು ಒಂದು ಮಟ್ಟಕ್ಕೆ ಕಟ್ಟಿಹಾಕಿ, ಗಾತ್ರ ತಾನಾಗಿ ಬರಲೆಂದು ಬಿಡುತ್ತೇನೆ. ಇಷ್ಟು ವರ್ಷಗಳಲ್ಲಿ ಗಾತ್ರವನ್ನು ಮುಂಚೆಯೇ ಊಹಿಸುವ ಅಭ್ಯಾಸವಾಗಿದೆ. ಕಿರಾಣಿ ಅಂಗಡಿಯವನು ಕೈಯಲ್ಲೇ ಬೆಲ್ಲ ತೂಗಿದ ಹಾಗೆ.

ನಿನ್ನೆಯದು ನನ್ನ ಊಹೆಯ ಮೂರು ಪಟ್ಟು ಬಂದಿದೆ. ಚಿತ್ರದಲ್ಲಿ ಇರುವುದು ಒಂದು ಗೋಡೆ, ಒಂದು ಕೈ. ಗೋಡೆ ಅಲುಗುವುದಿಲ್ಲ. ಕೈ ಒಂದು ಎಳೆಗೆ ಒಮ್ಮೆ ಅಲುಗುತ್ತದೆ. ಮತ್ತೆ ಇಷ್ಟೆಲ್ಲ ಬರೆದುಕೊಳ್ಳಲು ಯಂತ್ರಕ್ಕೆ ಏನು ಸಿಕ್ಕಿತು?

ಕೆಮ್ಮಣ್ಣಿನ ಗೋಡೆಯ ತರಿ ಇರಬೇಕು. ಮಣ್ಣಿನ ಕಣಕಣವನ್ನೂ ಅದು ಬದಲಾವಣೆ ಎಂದು ತಿಳಿದಿರಬೇಕು. ತರಿಯನ್ನು ನಯ ಮಾಡಿ ನೋಡಿದೆ. ಗಾತ್ರ ಇಳಿಯಿತು, ಎಳೆಗಳೂ ಹೋದವು. ಹಸೆ ಬರೆದ ಗೋಡೆಗೆ ಮಂಜು ಕವಿದ ಹಾಗೆ. ಅಳಿಸಿದೆ.

ಫೆಬ್ರವರಿ 8, ಶನಿವಾರ

ನಮಿತಾ ಯಲ್ಲಾಪುರದಿಂದ ಬಂದಳು. ಅವಳಿಗೆ ಅಲ್ಲಿನ ಕಾಲೇಜಿಗೆ ವರ್ಗವಾದ ಮೇಲೆ ವಾರವಿಡೀ ಅಲ್ಲೇ ಕೋಣೆ, ಶನಿವಾರ ಇಲ್ಲಿ. ನಮ್ಮ ಸಂಸಾರವೂ ಬದಲಾದದ್ದನ್ನು ಮಾತ್ರ ಬರೆದಿಟ್ಟುಕೊಳ್ಳುವ ಯಂತ್ರದ ಹಾಗೆ ಆಗಿದೆ. ಏನಾದರೂ ಇದ್ದರೆ ಹೇಳುತ್ತೇವೆ. ಇಲ್ಲದಿದ್ದರೆ ಮೊದಲಿನಂತೆಯೇ.

ಮೇಜಿನ ಮೇಲಿದ್ದ ಮೆಮೊರಿ ಕಾರ್ಡಿನ ಡಬ್ಬಿ ಎತ್ತಿ ಕಣ್ಣಿಗೆ ಹತ್ತಿರ ಹಿಡಿದಳು.

"ಇದು ಎಂತ ಬರದ್ದೆ?"

"ದುರ್ಗಮ್ಮ, ಪಾಠ ಒಂದು."

"ನಿನ್ನ ಅಕ್ಷರ ಎಂತಕ್ಕೆ ಇಷ್ಟು ಸಣ್ಣ ಆಯ್ದು? ಎಂಗೆ ಓದಲೇ ಆಗ್ತಿಲ್ಲೆ."

"ಡಬ್ಬಿ ಸಣ್ಣ ಇದ್ದು."

ಅವಳು ಡಬ್ಬಿಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ಇನ್ನೂ ನಾಲ್ಕು ಹೆಸರು ಬರೆಯುವಷ್ಟು ಜಾಗವಿತ್ತು ಎನ್ನುವುದು ನನಗೂ ಕಾಣಿಸಿತು. ಈ ದಿನಚರಿಯ ಹಿಂದಿನ ಪುಟಗಳನ್ನು ತಿರುವಿದೆ. ನಿಜ, ಹಿಂದೆ ಒಂದು ಪುಟ ಹಿಡಿಯುತ್ತಿದ್ದದ್ದು ಈಗ ಅರ್ಧ ಪುಟದಲ್ಲಿ ಮುಗಿಯುತ್ತದೆ. ಸಾಲಿನ ಆರಂಭದಲ್ಲಿ ಸರಿಯಾಗೇ ಇದ್ದ ಅಕ್ಷರ ಸಾಲಿನ ಕೊನೆಗೆ ಹೋಗುವಾಗ ಕುಗ್ಗುತ್ತದೆ. ಫೈಲನ್ನು ಚಿಕ್ಕದು ಮಾಡಲು ಹೋಗಿ ಅಕ್ಷರ ಚಿಕ್ಕದಾದದ್ದು ತಮಾಷೆ. ಇದನ್ನು ಅವಳಿಗೆ ಹೇಳಿದೆ. ನಗಲಿಲ್ಲ.

ಫೆಬ್ರವರಿ 12, ಬುಧವಾರ

ಕ್ಯಾಮೆರಾ ರಿಪೇರಿಯ ಉಲ್ಲಾಸನ ಹತ್ತಿರ ಹೋದೆ. ಲೆನ್ಸಿನೊಳಗೆ ಏನೋ ಸಡಿಲವಾಗಿದೆ ಎಂದು ನನ್ನ ವಾದ. ಅವನು ಕ್ಯಾಮೆರಾವನ್ನು ಮೇಜಿನ ಮೇಲೆ ಎರಡು ಪುಸ್ತಕದ ನಡುವೆ ಸಿಕ್ಕಿಸಿ, ಎದುರಿನ ಕ್ಯಾಲೆಂಡರನ್ನು ತೆಗೆದ. ಅಲ್ಲಿಯೇ ಚಿಕ್ಕದು ಮಾಡಿದೆವು. ಗಾತ್ರ ನನ್ನ ಊಹೆಯಷ್ಟೇ ಬಂತು.

"ಹೆಗಡೇರೇ, ಕ್ಯಾಮೆರಾಕ್ಕೆ ಎಂತದೂ ಆಗ್ಲಿಲ್ಲ. ಬೇಕಾದ್ರೆ ನಿಮ್ಮನ್ನೇ ಬಿಚ್ಚಿ ನೋಡ್ವ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ಸಿಟ್ಟು ಮಾಡ್ಕಬೇಡಿ ಮಾರಾಯ್ರೆ, ತಮಾಷೆಗೆ ಹೇಳಿದ್ದು" ಎಂದು ಉಲ್ಲಾಸ ಚಹಾ ತರಿಸಿದ. ನಕ್ಕವನಿಗೆ ಯಾಕೆ ಸಮಾಧಾನ ಹೇಳಿದನೋ.

ಚಹಾ ತುಂಬ ತುಂಬಿಸಿದ್ದರು. ಚೆಲ್ಲಿತು.

ಫೆಬ್ರವರಿ 13, ಗುರುವಾರ

ಕೂತಲ್ಲಿ ಕೂರಲಾಗುವುದಿಲ್ಲ. ದೇವಿಕೆರೆಯ ಸುತ್ತ ನಡೆದೆ. ಬಲಗೈ ಜೇಬಿನಲ್ಲಿದ್ದರೆ ನಡೆಯುವುದು ಸುಲಭ.

ಸಂಜೆ ನಮಿತಾ ಫೋನು. ಪ್ರತಿ ಮಾತಿಗೂ "ಎಂತ? ಜೋರಾಗಿ ಮಾತಾಡು, ಕೇಳ್ತಿಲ್ಲೆ" ಎನ್ನುತ್ತಾಳೆ. ಯಲ್ಲಾಪುರದ ನೆಟ್‌ವರ್ಕ್ ಹಾಳಾಗಿದೆ.

ಫೆಬ್ರವರಿ 17, ಸೋಮವಾರ

ಎರಡನೇ ಪಾಠ. ಈ ಸಲ ಮೊಣಕೈಯನ್ನು ಕಂಬಕ್ಕೆ ಒತ್ತಿಕೊಂಡೆ. ಉಸಿರು ಹಿಡಿದೆ. ದುರ್ಗಮ್ಮ ಎಳೆ ಎಳೆಯುವಾಗ ಉಸಿರು ಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ. ಅವರು ಬಿಟ್ಟಾಗ ಬಿಡುತ್ತೇನೆ. ಅರ್ಧ ಗಂಟೆಯಲ್ಲಿ ಬೆವೆತುಹೋದೆ.

ಅವರು ಮೂಲೆಯ ಚೌಕ ಮುಗಿಸಿ ಹಿಂದೆ ಸರಿದು ನೋಡಿದರು. ನಾನೂ ನೋಡಿದೆ. ಚೆನ್ನಾಗಿದೆ ಎಂದೆ.

"ಚೆನ್ನಾಗಿದೆ ಹೇಳೋ ಮುಖವ ಇದು? ಹೆಣ ನೋಡೂಕೆ ಬಂದಂಗೆ ಕೂತಿದ್ರಿ."

"ಅಜ್ಜೀ!" ಎಂದಳು ಭೂಮಿಕಾ.

"ಎಂತಾತೇ? ಇದ್ದದ್ದು ಹೇಳ್ದೆ. ನನ್ ಹಸೆ ನೋಡಿ ಮುಖ ಅರಳದ ಗಂಡಸನ್ನ ನಾ ಕಂಡಿಲ್ಲ. ಇವ್ರಿಗೆ ಮನೇಲಿ ಊಟ ಸರಿ ಆಗೂದಿಲ್ಲ ಕಾಣ್ತದೆ."

ಊಟ ಅಲ್ಲಿಯೇ ಆಯಿತು. ಕೆಸುವಿನ ಸೊಪ್ಪಿನ ಪಲ್ಯ ಇನ್ನೊಮ್ಮೆ ಬಡಿಸಿದರು. ಮನೆಗೆ ಬಂದು ಕನ್ನಡಿ ನೋಡಿದೆ. ಅರಳಿಸಲು ಪ್ರಯತ್ನಿಸಿದೆ. ಕನ್ನಡಿಯ ಮುಂದೆ ಯಾರಿಗೂ ಸರಿಯಾಗಿ ಬರುವುದಿಲ್ಲ.

ಎರಡನೇ ಪಾಠದ ಗಾತ್ರ ಮೊದಲನೆಯದಕ್ಕಿಂತ ಹೆಚ್ಚು.

ಫೆಬ್ರವರಿ 19, ಬುಧವಾರ

ದಾರಿ ಸಿಕ್ಕಿತು. ಯಾಕೆ ಮೊದಲೇ ಹೊಳೆಯಲಿಲ್ಲವೋ. ನಡುಕ ತೆಗೆಯುವ ಒಂದು ಸಾಫ್ಟ್‌ವೇರ್ ಇದೆ. ಓಡುವ ಜೀಪಿನಿಂದ ತೆಗೆದದ್ದನ್ನೂ ಅದು ನಿಲ್ಲಿಸಿಕೊಡುತ್ತದೆ. ನಾನು ಅದನ್ನು ಇದುವರೆಗೆ ಮುಟ್ಟಿರಲಿಲ್ಲ. ಮುಟ್ಟುವವರನ್ನು ಕಂಡರೆ ಒಳಗೊಳಗೇ ತಾತ್ಸಾರ ಇತ್ತು. ಎರಡೂ ಪಾಠಗಳನ್ನು ಅದಕ್ಕೆ ಹಾಕಿದೆ. ಗೋಡೆ ಗೋಡೆಯ ಹಾಗೆ ನಿಂತಿತು. ಆಮೇಲೆ ಚಿಕ್ಕದು ಮಾಡಿದರೆ ಗಾತ್ರ ಹೆಗ್ಗರಣೆಯ ಗುಡ್ಡ ಹತ್ತದೆಯೂ ಬಿಚ್ಚಿಕೊಳ್ಳುವಷ್ಟು. ಎಳೆ ಒಂದೂ ಕಲಸಿಲ್ಲ. ಅಂಚಿನಲ್ಲಿ ಸ್ವಲ್ಪ ಕತ್ತರಿಸಿದೆ, ಅಷ್ಟೇ.

ಪೂರ್ತಿ ನೋಡುವ ತಾಳ್ಮೆ ಇರಲಿಲ್ಲ. ಗೋಡೆಯನ್ನು ನೋಡಿದೆ, ಗಾತ್ರವನ್ನು ನೋಡಿದೆ, ಭೂಮಿಕಾಗೆ ಕಳಿಸಿದೆ. "ಸರ್, ಸೂಪರ್!" ಎಂದು ಬಂತು. ಬಹಳ ದಿನಗಳ ಮೇಲೆ ಸ್ಟುಡಿಯೋದ ಮುಂದಿನ ಗಾಜು ಒರೆಸಿದೆ. ಮೊಬೈಲ್ ಅಂಗಡಿಯವನು ನೋಡಿದ. ನೋಡಲಿ.

ಫೆಬ್ರವರಿ 24, ಸೋಮವಾರ

ಭೂಮಿಕಾ ಫೋನು ಮಾಡಿ ಗುಂಪಿಗೆ ಬಂದ ಒಂದು ಧ್ವನಿಯನ್ನು ಕೇಳಿಸಿದಳು. ಹೆಗ್ಗರಣೆಯ ಗಂಗೆ ಎಂಬ ಹೆಂಗಸು. ಪಾಠಕ್ಕೆ ಮೊದಲು ಸೇರಿದವಳು ಅವಳೇ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿತ್ತು.

"ಭೂಮಿಕಾ, ವಿಡಿಯೋ ಲಾಯ್ಕ್ ಬಂದದೆ ಮಾರಾಯ್ತಿ, ಒಂದ್ ಸಲಕ್ಕೇ ಬಿಚ್ಕಂತು. ಆದ್ರೆ ಪಾಪ, ಅಜ್ಜಿ ಕೈ ಅದೆಷ್ಟು ನಡುಗ್ತದೆ! ನೋಡೂಕೇ ಆಗೂದಿಲ್ಲ. ಅಷ್ಟು ವಯಸ್ಸಾದವ್ರ ಹತ್ರ ಎಂತಕ್ಕೆ ಬರ್ಸ್ತ್ರಿ? ಸುಮ್ನೆ ಕೂರ್ಲಿ ಬಿಡಿ."

ಅದರ ಕೆಳಗೆ ಬೇರೆಯವರ ಕೈಮುಗಿದ ಚಿಹ್ನೆಗಳು, ಕಣ್ಣೀರಿನ ಚಿಹ್ನೆಗಳು ಬಂದಿವೆಯಂತೆ.

"ಸರ್, ನಮ್ಮಜ್ಜಿ ಕೈ ನಡುಗೂದಿಲ್ಲ" ಎಂದಳು ಭೂಮಿಕಾ.

"ಗೊತ್ತು."

"ಮತ್ತೆ ಇದರಲ್ಲಿ ನಡುಗ್ತದಲ್ಲ?"

ಈಗ ಪೂರ್ತಿ ನೋಡಿದೆ. ಗೋಡೆ ಕಲ್ಲಿನಂತೆ ನಿಂತಿದೆ. ಅದರ ಮುಂದೆ ದುರ್ಗಮ್ಮನ ಕೈ, ಮೊಣಕೈಯಿಂದ ಬೆರಳಿನವರೆಗೆ, ಗಾಳಿಗೆ ಸಿಕ್ಕ ಎಲೆಯಂತೆ ಸಣ್ಣಗೆ, ಒಂದೇ ಲಯದಲ್ಲಿ ನಡುಗುತ್ತಿದೆ. ಆ ನಡುಗುವ ಕೈಯ ಕೆಳಗಿನಿಂದ ನೇರವಾದ ಎಳೆ ಹೊರಬರುತ್ತಿದೆ. ಇದನ್ನು ಗಂಗೆ ಗಮನಿಸಲಿಲ್ಲ. ಕಳಿಸುವ ಮೊದಲು ನಾನೂ ಗಮನಿಸಿರಲಿಲ್ಲ.

ಫೆಬ್ರವರಿ 26, ಬುಧವಾರ

ಹೋಗದಿದ್ದರೂ ನಡೆಯುತ್ತಿತ್ತು. ಹೋದೆ. ದುರ್ಗಮ್ಮ ಜಗಲಿಯಲ್ಲಿ ಕೂತಿದ್ದರು, ಕವಳ ಹಾಕಿರಲಿಲ್ಲ. ನನ್ನನ್ನು ಕಂಡು ಎದ್ದು ಒಳಗೆ ಹೋದರು. ಭೂಮಿಕಾ ಹೇಳಿದಳು: ಪಕ್ಕದ ಊರಿನ ಮದುವೆ ಮನೆಯವರು ನಿನ್ನೆ ಬಂದಿದ್ದರಂತೆ. ಆ ಮನೆಯ ಎಲ್ಲ ಮದುವೆಗೂ ಹಸೆ ಇವರದ್ದೇ. ಈ ಸಲ ಅಜ್ಜಿಗೆ ತ್ರಾಸು ಕೊಡುವುದು ಬೇಡ, ಬೇರೆ ಯಾರಿಗಾದರೂ ಹೇಳುತ್ತೇವೆ ಎಂದು, ಬಾಳೆಹಣ್ಣು ಕೊಟ್ಟು, ಕಾಲುಮುಟ್ಟಿ ಹೋದರಂತೆ. ವಿಡಿಯೋ ಅವರಿಗೂ ತಲುಪಿದೆ. ಚಿಕ್ಕದಾಗಿದ್ದರಿಂದ ಎಲ್ಲರಿಗೂ ತಲುಪಿದೆ.

ಒಳಗಿನಿಂದ ದುರ್ಗಮ್ಮನ ದನಿ: "ಬನ್ನಿ ಇಲ್ಲಿ."

ಗೋಡೆಯ ಮುಂದೆ ನಿಂತಿದ್ದರು. ಕುಂಚ ಅದ್ದಿ, ನನ್ನ ಮುಖವನ್ನೇ ನೋಡುತ್ತಾ, ಗೋಡೆಯ ಕಡೆ ನೋಡದೆಯೇ ಒಂದು ಎಳೆ ಎಳೆದರು. ಅದು ಪೂರ್ತಿ ನೇರ ಬರಲಿಲ್ಲ. ನೋಡದೆ ಎಳೆದದ್ದು. ಅದಕ್ಕೆ ಇನ್ನೂ ಸಿಟ್ಟಾದರು. ಎರಡನೆಯದನ್ನು ನೋಡಿಕೊಂಡು ಎಳೆದರು.

"ನಡುಗ್ತ ಹೆಗಡೇರೇ?"

"ಇಲ್ಲ."

"ನನ್ ಕೈ ಮುದಿ ಮಾಡಿ ಊರಿಗೆಲ್ಲ ತೋರ್ಸಿದ್ರಲ್ಲ. ನನ್ ಗಂಡ ಸತ್ತ ವರ್ಷವೂ ನಡುಗ್ಲಿಲ್ಲ ಇದು."

"ಸಾಫ್ಟ್‌ವೇರಿನ ತಪ್ಪು, ದುರ್ಗಮ್ಮ. ಗೋಡೆ ಅಲುಗದ ಹಾಗೆ ಮಾಡಲು ಹೋಗಿ..."

"ಗೋಡೆ ಎಂತಕ್ಕೆ ಅಲುಗ್ತದೆ? ನಮ್ಮಪ್ಪ ಕಟ್ಟಿದ್ದು."

ಇನ್ನು ಕ್ಯಾಮೆರಾದ ಮುಂದೆ ಕುಂಚ ಹಿಡಿಯುವುದಿಲ್ಲ ಎಂದರು. ಭೂಮಿಕಾ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಕಂಬಿ ಹಿಡಿದಿದ್ದೆ. ಪಕ್ಕದಲ್ಲಿ ಕೂತವನು ನನ್ನ ಕೈಯನ್ನೂ ಕಂಬಿಯನ್ನೂ ನೋಡುತ್ತಿದ್ದ. ಬಸ್ಸು ಹಳೆಯದು. ಎಲ್ಲವೂ ಅಲುಗುತ್ತಿತ್ತು.

ಮಾರ್ಚ್ 1, ಶನಿವಾರ

ಮೂಲ ಚಿತ್ರವನ್ನೂ ಸರಿಮಾಡಿದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಮೂಲದಲ್ಲಿ ಗೋಡೆಯೂ ಕೈಯೂ ಒಟ್ಟಿಗೇ ಅಲುಗುತ್ತವೆ. ಗೋಡೆ ಸ್ವಲ್ಪ, ಕೈ ಹೆಚ್ಚು, ಏಕೆಂದರೆ ಕೈ ಕ್ಯಾಮೆರಾಕ್ಕೆ ಹತ್ತಿರ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಬೇಲಿ ಓಡುತ್ತದೆ, ದೂರದ ಗುಡ್ಡ ತೆವಳುತ್ತದೆ. ಹಾಗೆ. ಸಾಫ್ಟ್‌ವೇರ್ ಗೋಡೆಯನ್ನು ನಂಬಿ ಅದನ್ನು ನಿಲ್ಲಿಸಿತು. ಗೋಡೆ ನಿಂತ ಮೇಲೆ ಉಳಿದ ನಡುಕಕ್ಕೆ ಹೋಗಲು ಎಲ್ಲಾದರೂ ಜಾಗ ಬೇಕಿತ್ತು. ಹತ್ತಿರದಲ್ಲಿದ್ದ ಕೈಗೆ ಹೋಯಿತು.

ಇದು ಶುದ್ಧ ರೇಖಾಗಣಿತ. ಬರೆದು ತೋರಿಸಬಹುದು. ನಮಿತಾಗೆ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದೆ: ಇದು ಗೋಡೆ, ಇದು ಕೈ, ಇದು ಕ್ಯಾಮೆರಾ. ಅವಳು ಹಾಳೆಯನ್ನು ನೋಡಲಿಲ್ಲ. ಪೆನ್ಸಿಲನ್ನು ನೋಡುತ್ತಿದ್ದಳು.

"ಆತು. ಕ್ಯಾಮೆರಾ ಎಂತಕ್ಕೆ ಅಲುಗ್ತು?" ಎಂದಳು.

"ಹಿಡ್ಕಂಡಿದ್ದಕ್ಕೆ."

"ಯಾರು?"

ಎದ್ದು ಹೊರಗೆ ಹೋದೆ. ಹೊರಗೆ ಮಾಡುವಂಥದ್ದು ಏನೂ ಇರಲಿಲ್ಲ.

ಮಾರ್ಚ್ 2, ಭಾನುವಾರ

ನಮಿತಾ ಬಸ್ಸಿಗೆ ಹೊರಡುವ ಮೊದಲು: "ದೀಪಾವಳಿಯಿಂದ ನೋಡ್ತಾ ಇದ್ದೆ. ಹಣತೆಗೆ ಎಣ್ಣೆ ಹೊಯ್ಯಕ್ಕಾರೆ ಚೆಲ್ಲಿದ್ಯಲ, ಆವಾಗಿಂದ. ಹೇಳಿದ್ರೆ ನೀ ಸಿಟ್ಟು ಮಾಡ್ಕತ್ತೆ ಹೇಳಿ ಸುಮ್ನಿದ್ದೆ."

ಹುಬ್ಬಳ್ಳಿಯಲ್ಲಿ ಒಬ್ಬ ನರರೋಗದ ಡಾಕ್ಟರ ಹೆಸರು ಹೇಳಿದಳು.

ಬಸವಳಿದ ಹಾಗಿದೆ. ಇಷ್ಟು ಸಾಕು.

ಮಾರ್ಚ್ 5, ಬುಧವಾರ

ಮತ್ತೆ ಕೋಲಸಿರ್ಸಿ. ಯಾರೂ ಕರೆದಿರಲಿಲ್ಲ.

ಕ್ಯಾಮೆರಾವನ್ನು ಭೂಮಿಕಾಳ ಕೈಗೆ ಕೊಟ್ಟೆ. "ಸರ್, ನಂಗೆ ಬರೂದಿಲ್ಲ" ಎಂದಳು. ನಾನು ಕೂರುತ್ತಿದ್ದ ಜಾಗದಲ್ಲಿ ಕೂರಿಸಿ, ಮೊಣಕೈ ಮೊಣಕಾಲಿಗೆ ತಾಗಿಸಿಕೊಳ್ಳಲು ಹೇಳಿ, ಗೋಡೆಯ ಹಳೆಯ ಚಿತ್ತಾರವನ್ನೇ ಒಂದು ನಿಮಿಷ ತೆಗೆಸಿದೆ. ನಾನೂ ಒಂದು ನಿಮಿಷ ತೆಗೆದೆ. ಅದೇ ಕ್ಯಾಮೆರಾ, ಅದೇ ಗೋಡೆ, ಅದೇ ಬೆಳಕು. ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದು ಎರಡನ್ನೂ ಒಂದೇ ಗುಣಮಟ್ಟಕ್ಕೆ ಕಟ್ಟಿ ಚಿಕ್ಕದು ಮಾಡಿದೆ. ಕೈ ಕಟ್ಟಿಕೊಂಡು ನೋಡುತ್ತಿದ್ದ ದುರ್ಗಮ್ಮ ಕೇಳಿದರು, "ಎಂತ ಬಂತು?"

"ಅವಳದ್ದು ನನ್ನದರ ಮೂರನೇ ಒಂದು ಭಾಗ."

"ಅಂದ್ರೆ ಅವಳದ್ದು ಕಡಿಮೆಯ?"

"ಕಡಿಮೆ ಇದ್ದರೆ ಒಳ್ಳೆಯದು."

"ಎಂತ ಕೆಲ್ಸನಪ್ಪ, ಕಡಿಮೆ ಇದ್ರೆ ಒಳ್ಳೇದು ಹೇಳೂದು" ಎಂದರು. ಆಮೇಲೆ ನನ್ನ ಬಲಗೈಯ ಕಡೆ ನೋಡಿದರು. ಅದು ಲ್ಯಾಪ್‌ಟಾಪಿನ ಪಕ್ಕದಲ್ಲಿ, ಕೆಲಸವಿಲ್ಲದೆ, ತನ್ನಷ್ಟಕ್ಕೆ ತಾನು ಇತ್ತು. ಜೇಬಿಗೆ ಹಾಕಿಕೊಳ್ಳಬಹುದಿತ್ತು. ಹಾಕಲಿಲ್ಲ.

ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದುಕೊಂಡೆ.

"ನನ್ ಕೈಗೆ ಹಾಕಿದ್ದು ಇದನ್ನ?"

"ಹೌದು."

"ಮೊದ್ಲೇ ಹೇಳೂಕೆ ಎಂತಾಗಿತ್ತು ನಿಮ್ಗೆ?"

"ನನಗೂ ಗೊತ್ತಿರಲಿಲ್ಲ."

ಇದು ನಿಜವೋ ಸುಳ್ಳೋ ಈಗ ಬರೆಯುವಾಗಲೂ ಹೇಳಲಾರೆ.

"ನಂಗೆ ಹೇಳಿ ಪ್ರಯೋಜನ ಇಲ್ಲ. ಆ ಹೆಗ್ಗರಣೆಯವಳಿಗೆ ಹೇಳಿ. ಮದುವೆ ಮನೆಯವ್ರಿಗೆ ಹೇಳಿ."

ಭೂಮಿಕಾ ಕ್ಯಾಮೆರಾ ಹಿಡಿದು ಕೂತಳು. ಮೂರನೇ ಪಾಠದ ಆರಂಭದಲ್ಲಿ ನಾನು ಎರಡು ಮಾತು ಹೇಳುವುದೆಂದಾಯಿತು. ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ: ಹಿಂದಿನ ಪಾಠಗಳಲ್ಲಿ ತಾಂತ್ರಿಕ ದೋಷದಿಂದ ಎಂದು ಶುರುವಾಗುವಂಥದ್ದು. ಅರ್ಧ ಹೇಳುವಷ್ಟರಲ್ಲಿ ಭೂಮಿಕಾ, "ಸರ್, ಕೇಳ್ತಾ ಇಲ್ಲ, ಜೋರಾಗಿ" ಎಂದಳು. ಮತ್ತೆ ಹೇಳಿದೆ. ಮತ್ತೆ ಕೇಳಲಿಲ್ಲ. ಇಲ್ಲಿ ನೆಟ್‌ವರ್ಕಿನ ಪ್ರಶ್ನೆ ಇರಲಿಲ್ಲ. ಅವಳು ನನ್ನಿಂದ ಒಂದು ಮಾರು ದೂರದಲ್ಲಿದ್ದಳು.

ಮಾತು ಬಿಟ್ಟೆ. ನನ್ನ ಬಲಗೈಯನ್ನು ಗೋಡೆಯ ಮುಂದೆ, ಎಳೆಗಳ ಮೇಲೆ, ತಾಗದ ಹಾಗೆ ಹಿಡಿದೆ. ಪಕ್ಕದಲ್ಲಿ ದುರ್ಗಮ್ಮ ತಮ್ಮ ಕೈ ಹಿಡಿದರು, ಕುಂಚದ ಸಮೇತ. ನಾನು ಕೇಳಿರಲಿಲ್ಲ. ಗೋಡೆ ನಿಂತಿತ್ತು. ಅವರ ಕೈ ನಿಂತಿತ್ತು.

"ಸಾಕನೇ?" ಎಂದರು ದುರ್ಗಮ್ಮ, ಭೂಮಿಕಾಗೆ. "ಇನ್ನು ನೀವು ಸರೀರಿ ಹೆಗಡೇರೇ, ಬೆಳಕು ಹೋಗ್ತದೆ."

ಪಾಠ ಮುಗಿಯುವವರೆಗೆ ನಾನು ಜಗಲಿಯಲ್ಲಿ ಕೊಕ್ಕರೆಯ ಪಕ್ಕ ಕೂತಿದ್ದೆ. ಒಳಗಿನಿಂದ ಭೂಮಿಕಾ ಆಗಾಗ ಕೂಗಿ ಕೇಳುತ್ತಿದ್ದಳು, ಹತ್ತಿರ ಹೋಗ್ಲಾ, ದೂರ ಬರ್ಲಾ. ನಾನು ಇದ್ದಲ್ಲಿಂದಲೇ ಹೇಳುತ್ತಿದ್ದೆ. ಎರಡು ಸಲ ಹೇಳಬೇಕಾಗುತ್ತಿತ್ತು.

ಮಾರ್ಚ್ 6, ಗುರುವಾರ

ಮೂರನೇ ಪಾಠವನ್ನು ಚಿಕ್ಕದು ಮಾಡಿದೆ. ನಡುಕ ತೆಗೆಯುವ ಸಾಫ್ಟ್‌ವೇರಿಗೆ ಹಾ‍ಕಲಿಲ್ಲ. ಹಾಗಿದ್ದೂ ಹೆಗ್ಗರಣೆಗೆ ಹೋಗುವಷ್ಟು ಚಿಕ್ಕದಾಯಿತು, ಎಳೆಗಳೆಲ್ಲ ಇವೆ. ಮೊದಲ ಎರಡನ್ನು ಗುಂಪಿನಿಂದ ತೆಗೆಸಿದೆ. ಅವುಗಳನ್ನು ಭೂಮಿಕಾಳ ಕೈಯಿಂದ ಮತ್ತೆ ಚಿತ್ರೀಕರಿಸಬೇಕು.

ಮಾರ್ಚ್ 8, ಶನಿವಾರ

ಗಂಗೆಯ ಧ್ವನಿ. "ಅಯ್ಯ, ಆ ಸರ್ ಕೈಯ ಅದು! ನಾ ಅಜ್ಜಿದು ಅಂದ್ಕಂಡು ಎಂತೆಂತದೋ ಹೇಳ್ದೆ. ಅಜ್ಜಿ ಹತ್ರ ತಪ್ಪಾತು ಹೇಳು ಭೂಮಿಕಾ. ಮೂಲೆ ಚೌಕ ನಂಗೆ ಬರ್ತಾ ಇಲ್ಲ, ಇನ್ನೊಂದ್ ಸಲ ತೋರ್ಸೂಕೆ ಹೇಳು. ಮತ್ತೆ ಆ ಸರ್ ಎಲ್ಲಿ ಔಷಧಿ ಮಾಡ್ತ್ರು ಕೇಳು. ನಮ್ಮ ಮಾವಂಗೂ ಹಿಂಗೇ ಆಗದೆ, ಯಾರಿಗೂ ತೋರ್ಸೂದಿಲ್ಲ ಹೇಳಿ ಕೂತಿದ್ರು. ನಿನ್ನೆ ಈ ವಿಡಿಯೋ ನೋಡಿ ಕೈ ಹೊರಗೆ ತೆಗೆದ್ರು."

ಮದುವೆ ಮನೆಯವರು ದುರ್ಗಮ್ಮನ ಹತ್ತಿರ ಮತ್ತೆ ಬಂದಿದ್ದರಂತೆ. ಈಕೆ ಒಂದು ದಿನ ಕಾಯಿಸಿ ಒಪ್ಪಿದರಂತೆ.

ನಮಿತಾ ಇದನ್ನೆಲ್ಲ ಕೇಳಿಸಿಕೊಂಡು, "ಎಂಗಳ ಮನೇಲೂ ಒಬ್ರು ಕೈ ಹೊರಗೆ ತೆಗೆದ್ರೆ ಸಾಕಿತ್ತು" ಎಂದಳು.

ಮಾರ್ಚ್ 10, ಸೋಮವಾರ

ಹುಬ್ಬಳ್ಳಿಯ ಡಾಕ್ಟರನ್ನು ನೋಡಲು ಇನ್ನೂ ದಿನವಿದೆ. ಅವರ ಕಡೆಯವರು ಮೊದಲು ಎರಡು ವಿಡಿಯೋ ಕೇಳಿದ್ದಾರೆ. ಕೈಗಳು ತೊಡೆಯ ಮೇಲೆ ಸುಮ್ಮನಿರುವಾಗ ಒಂದು, ಮಾತಾಡುವಾಗ ಮುಖದ್ದೊಂದು. "ಮೆಸೇಜಲ್ಲಿ ಕಳಿಸ್ಬ್ಯಾಡ್ರಿ, ಅದು ಸಣ್ಣ ಮಾಡಿಬಿಡ್ತದ. ಹೆಂಗೈತೋ ಹಂಗ ಕಳಿಸ್ರಿ" ಎಂದರು.

ನಿನ್ನೆ ಹೋಗಬೇಕಿದ್ದ ನಮಿತಾ ಇವತ್ತಿನ ಬಸ್ಸಿಗೆಂದು ಉಳಿದಿದ್ದಳು. ಬೆಳಿಗ್ಗೆ ಕೊಕ್ಕರೆಯನ್ನು ನಡುಮನೆಯಲ್ಲಿ ನಿಲ್ಲಿಸಿ ಅದಕ್ಕೆ ನಮಿತಾಳ ಫೋನು ಕಟ್ಟಿದೆವು. ಮೊದಲು ಕೈ. "ಸುಮ್ನೆ ಇಟ್ಕ. ಹಿಡ್ಕಳಡ" ಎಂದಳು. ಹಿಡಿದುಕೊಳ್ಳದೆ ಇಟ್ಟೆ. ಆಮೇಲೆ ಮುಖ. ಏನಾದರೂ ಮಾತಾಡಬೇಕಿತ್ತು. ಅವಳು ಫೋನಿನ ಹಿಂದೆ ನಿಂತು, ಅವಳ ಕಾಲೇಜಿನ ಪ್ರಿನ್ಸಿಪಾಲರು ಕಪ್ಪೆಯನ್ನು ಕಂಡು ಮೇಜು ಹತ್ತಿದ ಕಥೆ ಹೇಳಿದಳು. ಅಭಿನಯಿಸಿ ತೋರಿಸಿದಳು. ನಾನು ನಗುತ್ತಲೇ ಇದ್ದೆ. ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

ಆಮೇಲೆ, ಕಳಿಸಲಿಕ್ಕಲ್ಲ, ಬರೀ ಅಭ್ಯಾಸಕ್ಕೆ, ಎರಡನ್ನೂ ನನ್ನ ಯಂತ್ರಕ್ಕೆ ಕೊಟ್ಟು ಗಾತ್ರ ನೋಡಿದೆ. ಕೈಯದ್ದು ದೊಡ್ಡದು. ಅದನ್ನು ಊಹಿಸಿದ್ದೆ. ಮುಖದ್ದು ಒಂದು ಗೋಡೆಗಿಂತ ಸ್ವಲ್ಪವೇ ಹೆಚ್ಚು.

ಯಂತ್ರ ತಪ್ಪಿರಬೇಕೆಂದು ವಿಡಿಯೋ ಹಾಕಿ ನೋಡಿದೆ. ನಮಿತಾಳ ದನಿ, ಕಪ್ಪೆ, ಮೇಜು, ಅವಳದೇ ನಗು. ಎದುರಿಗೆ ನಾನು. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಮೊದಲಿನಂತೆಯೇ.

"ಆನು ನಗ್ತಾ ಇದ್ದಿದ್ದೆ" ಎಂದೆ.

"ಗೊತ್ತಿದ್ದು" ಎಂದಳು.

ಚಿಕ್ಕದು ಮಾಡಿದ ಎರಡನ್ನೂ ಅಳಿಸಿ, ಮೂಲವನ್ನೇ ಕಳಿಸಲು ಹಾಕಿದ್ದೇನೆ. ನಮ್ಮ ಮನೆಯ ಇಂಟರ್‌ನೆಟ್ಟಿಗೆ ಅದು ಭಾರ. ಬೆಳಿಗ್ಗೆಯಿಂದ ಹೋಗುತ್ತಲೇ ಇದೆ, ಇನ್ನೂ ಅರ್ಧ ಆಗಿಲ್ಲ. ಯಲ್ಲಾಪುರದ ಬಸ್ಸು ಹೊರಟು ಬಹಳ ಹೊತ್ತಾಯಿತು. ನಮಿತಾ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಳೆ. ನಾಳೆಗೂ ಸೇರಿಸಿ ಎಂಬಂತೆ, ಇಬ್ಬರಿಗೆ.